‘ಡಿ’ಯಲ್ಲಿ ಇಟ್ಟ ಪಾಠಗಳು

"ಕಂಪ್ಯೂಟರಿಗೆ ಹೊಸಬರೂ ಅರ್ಧ ಗಂಟೆಯಲ್ಲಿ, ಯಾರ ಸಹಾಯವೂ ಇಲ್ಲದೆ, ಸುಲಭವಾಗಿ ಹಾಕಿಕೊಳ್ಳಬಹುದು." ಪೆನ್‌ಡ್ರೈವ್ ಜೊತೆಗೆ ಕೊಡುವ ಕಾರ್ಡಿನ ಮೇಲೆ ಅಚ್ಚಾಗಬೇಕಿದ್ದ ವಾಕ್ಯ ಅದು. ಕೊಚ್ಚಿಯ ನಮ್ಮ ಆಫೀಸಿನಲ್ಲಿ ಅದನ್ನು ಓದಿ ಹೇಳಿದಾಗ ಎಲ್ಲರೂ ತಲೆಯಾಡಿಸಿದರು. ನಾನು ಕೇಳಿದ್ದು ಒಂದೇ ಪ್ರಶ್ನೆ: ಹೊಸಬರು ಎಂದರೆ ಯಾರು?

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದವರಿಗೆ ಈ ಚಟ ಬಿಡುವುದಿಲ್ಲ. ಎದುರಿನವರ ವಾದಕ್ಕೆ ಉತ್ತರ ಕೊಡುವ ಮೊದಲು ಅವರ ಪದಗಳಿಗೆ ಅರ್ಥ ಕೇಳಬೇಕು. ಅರ್ಧ ವಾದ ಅಲ್ಲೇ ಕುಸಿದು ಬೀಳುತ್ತದೆ. ಆದರೆ ಸ್ಪರ್ಧೆಯಲ್ಲಿ ಇದಕ್ಕೆ ಅಂಕ ಸಿಗುತ್ತದೆ, ಆಫೀಸಿನಲ್ಲಿ ಕೆಲಸ ಸಿಗುತ್ತದೆ.

ನಮ್ಮದು ಚಿಕ್ಕ ಕಂಪನಿ. ಯಾರು ಬೇಕಾದರೂ ಉಚಿತವಾಗಿ ಪಡೆದು, ತಿದ್ದಿ, ಹಂಚಬಹುದಾದ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಇದೆಯಲ್ಲ, ಅದನ್ನು ಕನ್ನಡ, ಮಲಯಾಳದಂಥ ಭಾಷೆಗಳಿಗೆ ಹೊಂದಿಸಿ, ಪೆನ್‌ಡ್ರೈವ್‌ಗೆ ತುಂಬಿಸಿ ಕೊಡುತ್ತೇವೆ. ಹಳೆಯ ಲ್ಯಾಪ್‌ಟಾಪ್ ಎಸೆಯಬೇಡಿ, ಇದನ್ನು ಹಾಕಿಕೊಳ್ಳಿ ಎನ್ನುವುದು ನಮ್ಮ ಮಾತು. ಪರದೆಯ ಮೇಲಿನ ಕನ್ನಡ ನನ್ನ ಜವಾಬ್ದಾರಿ. ತಂಡದ ಮುಖ್ಯಸ್ಥರು ಕಾಸರಗೋಡಿನವರು. ಆಫೀಸಿಗೆಲ್ಲ ಇಂಗ್ಲಿಷ್, ಚಹಾದಂಗಡಿಯಲ್ಲಿ ಮಲಯಾಳ, ನನ್ನೊಡನೆ ಜಗಳಕ್ಕೆ ಮಾತ್ರ ಕನ್ನಡ. ಕಾರ್ಡಿನ ವಾಕ್ಯ ಅವರದೇ.

"ಹೊಸಬರು ಅಂದ್ರೆ ಹೊಸಬರು. ಅದಕ್ಕೆಂತ ಅರ್ಥ ಹೇಳುದು ಮಾರಾಯ್ತಿ? ಮೂರು ಜನ ಇಲ್ಲೇ ಕೂತು ಹಾಕಿದ್ದಾರೆ. ಮೂವರದ್ದೂ ಪಾಸ್."

"ಮೂವರೂ ಇಂಜಿನಿಯರಿಂಗ್ ಓದಿದೋರು ಸಾರ್. ಈಜು ಬರೋರನ್ನ ನೀರಿಗೆ ಬಿಟ್ಟು, ಕೆರೆ ಆಳ ಇಲ್ಲ ಅಂತ ಹೇಳ್ದಂಗಾಯ್ತು."

"ಹಾಗಾದ್ರೆ ಈಜ್ಲಿಕ್ಕೆ ಬಾರದವರನ್ನು ನೀನೇ ಹುಡುಕು. ಆದ್ರೆ ಕ್ರಮ ಗೊತ್ತುಂಟಲ್ಲ? ಬಾಯಿ ತೆರೆದ್ರೆ ಪರೀಕ್ಷೆ ರದ್ದು."

ಆ ಕ್ರಮವನ್ನು ಇಲ್ಲಿ ಹೇಳಿಬಿಡಬೇಕು. ಹಾಕಿಕೊಳ್ಳುವವರು ಮುಂದೆ, ನೋಡುವವರು ಅವರ ಬೆನ್ನ ಹಿಂದೆ. ಕಾರ್ಡನ್ನೂ ಪೆನ್‌ಡ್ರೈವನ್ನೂ ಕೊಟ್ಟ ಮೇಲೆ ನೋಡುವವರು ಏನನ್ನೂ ಮುಟ್ಟುವ ಹಾಗಿಲ್ಲ, ಸುಳಿವು ಕೊಡುವ ಹಾಗಿಲ್ಲ, ಕೆಮ್ಮುವುದಾದರೂ ಅರ್ಥ ಬರದ ಹಾಗೆ ಕೆಮ್ಮಬೇಕು. ಹೇಳಬಹುದಾದದ್ದು ಒಂದೇ ಮಾತು: "ಮನಸ್ಸಿನಲ್ಲಿ ಏನು ಬರುತ್ತಿದೆಯೋ ಜೋರಾಗಿ ಹೇಳಿ." ವಾದ ಮಾಡಿಯೇ ದೊಡ್ಡವಳಾದ ನನಗೆ ಇಂಥ ಕೆಲಸ.

ತಿರುವನಂತಪುರದಲ್ಲಿ ವರ್ಗವಾಗಿ ಬಂದ ಕನ್ನಡದ ಕುಟುಂಬಗಳು ಸಾಕಷ್ಟಿವೆ. ಅವರ ವಾಟ್ಸಾಪ್ ಗುಂಪೊಂದರಲ್ಲಿ ಕೇಳಿದೆ. ತಕ್ಷಣ ಉತ್ತರ ಬಂದದ್ದು ಗದಗ ಕಡೆಯ ಒಬ್ಬ ಗೃಹಿಣಿಯಿಂದ. ಗಂಡ ಅಲ್ಲಿನ ಪಟ್ಟಂ ಬಡಾವಣೆಯಲ್ಲಿ ಬ್ಯಾಂಕ್ ಉದ್ಯೋಗಿ. ಇವರು ಮದುವೆಗೆ ಮುಂಚೆ ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು. ಈಗಲೂ ಬಿಟ್ಟಿಲ್ಲ, ಸಂಜೆ ಆರಕ್ಕೆ ಊರಿನ ಹತ್ತನೇ ತರಗತಿಯ ಹುಡುಗಿಯರು ಒಂದು ಮನೆಯಲ್ಲಿ ಸೇರುತ್ತಾರೆ, ಇವರು ಇಲ್ಲಿಂದ ವಿಡಿಯೋದಲ್ಲಿ ಪಾಠ ಮಾಡುತ್ತಾರೆ. ಲ್ಯಾಪ್‌ಟಾಪ್ ಹಳತಾಗಿ, ಪಾಠದ ನಡುವೆ ನಿಂತುಬಿಡುತ್ತಿತ್ತು.

ಕೊಚ್ಚಿಯ ಎರ್ನಾಕುಳಂ ನಿಲ್ದಾಣದಿಂದ ಬೆಳಗಿನ ರೈಲು ಹಿಡಿದು ತಿರುವನಂತಪುರದ ತಂಪಾನೂರಿನಲ್ಲಿ ಇಳಿದು, ಬಸ್ಸಿನಲ್ಲಿ ಉಳ್ಳೂರಿನ ಅವರ ಫ್ಲ್ಯಾಟ್ ತಲುಪಿದೆ. ಬಾಗಿಲು ತೆರೆದವರ ಕೈಯಲ್ಲಿ ಸೀಮೆಸುಣ್ಣವಿತ್ತು. ಕ್ಯಾಮೆರಾದ ಎದುರಿಗೆ ಬರುವ ಗೋಡೆಯ ಮೇಲೆ ಕಪ್ಪು ಹಲಗೆ ಹೊಡೆಸಿಕೊಂಡಿದ್ದರು.

"ನಮಸ್ಕಾರ ಮೇಡಂ."

"ಮೇಡಂ ಅನಬ್ಯಾಡ, ಅಕ್ಕಾ ಅನ್ನು. ಇಲ್ಲಿ ಎಲ್ಲಾರೂ ಮಲಯಾಳದಾಗ ಚೇಚ್ಚಿ ಚೇಚ್ಚಿ ಅಂದು ನನ್ನ ಹೆಸರಽ ಮರ್ತು ಹೋಗೈತಿ. ಕುಂದ್ರು ತಂಗಿ. ಬೇಗ ಸುರು ಮಾಡೂಣು. ನಾಳೆ ಹುಡುಗ್ಯಾರದು ಗಣಿತ ಪರೀಕ್ಷಾ. ಸಂಜೀಕ ಕಡೀ ಕ್ಲಾಸು."

"ಅಕ್ಕ, ಪರೀಕ್ಷೆ ಮುಗಿದ ಮೇಲೆ ಮಾಡೋಣ ಬಿಡಿ. ಇವತ್ತು ಬೇಡ."

"ಯಾಕ? ಅರ್ಧಾ ತಾಸು ಅಂತ ನೀನಽ ಕಾರ್ಡಿನ ಫೋಟೋ ಕಳ್ಸಿದ್ದಿ. ನಿನ್ನೆ ಪಾಠದಾಗ ಎರಡು ಸಲ ಈ ಡಬ್ಬಿ ನಿಂತುಬಿಡ್ತು. ಇವತ್ತ ನಿಂತ್ರ ಆ ಹುಡುಗ್ಯಾರ ಗತಿ ಏನು? ಅದಕ್ಕಽ ಇವತ್ತ ಬೇಕು ನನಗ."

ನಾನು ನಂಬದ ವಾಕ್ಯವನ್ನು ಅವರು ನಂಬಿದ್ದರು. ಅದನ್ನು ಸುಳ್ಳು ಎಂದು ಹೇಳುವುದೂ ಸುಳಿವು ಕೊಟ್ಟಂತೆಯೇ. ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತೆ.

ಮೊದಲ ಮೆಟ್ಟಿಲಲ್ಲೇ ಮುಗ್ಗರಿಸಿದರು. ಪೆನ್‌ಡ್ರೈವ್ ಚುಚ್ಚಿ ಲ್ಯಾಪ್‌ಟಾಪ್ ಶುರು ಮಾಡಿದರೆ ತಾನಾಗಿಯೇ ನಮ್ಮ ಪರದೆ ಬರುವುದಿಲ್ಲ. ಶುರುವಾಗುವ ಹೊತ್ತಿಗೆ ಸರಿಯಾಗಿ ಒಂದು ಕೀ ಒತ್ತಿ, ಪೆನ್‌ಡ್ರೈವಿನಿಂದ ಆರಂಭವಾಗು ಎಂದು ಹೇಳಬೇಕು. ಆ ಕೀ ಒಂದೊಂದು ಲ್ಯಾಪ್‌ಟಾಪಿನಲ್ಲಿ ಒಂದೊಂದು. ನಮ್ಮ ಕಾರ್ಡಿನಲ್ಲಿ ಬರೆದದ್ದು: "ಸೂಕ್ತ ಕೀಯನ್ನು ಒತ್ತಿ."

ಅಕ್ಕ ಕನ್ನಡಕ ಏರಿಸಿ ಕೀಬೋರ್ಡನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದರು. "ಸೂಕ್ತ ಅಂತ ಯಾವುದರ ಮ್ಯಾಲೂ ಬರದಿಲ್ಲಲ್ಲ. ತಂಗಿ, ಯಾವುದು?"

"ಮನಸ್ಸಿನಲ್ಲಿ ಏನು ಬರುತ್ತಿದೆಯೋ ಜೋರಾಗಿ ಹೇಳಿ."

"ಮನಸಿನ್ಯಾಗ ಬರೂದನ್ನ ಹೇಳಿದ್ರ ನೀನು ಎದ್ದು ಹೋಗ್ತಿ."

ಒಂದು ಕೀ ಒತ್ತಿದರು, ಹಳೆಯ ವಿಂಡೋಸ್ ತೆರೆಯಿತು. ಅದು ಪೂರ್ತಿ ಏಳುವವರೆಗೆ ಕಾದು, ಮತ್ತೆ ಮುಚ್ಚಿ, ಇನ್ನೊಂದು ಕೀ. ಮತ್ತೆ ವಿಂಡೋಸ್. ಆಮೇಲೆ ಅವರೊಳಗಿನ ಗಣಿತದವರು ಎಚ್ಚೆತ್ತರು. ಮೇಲಿನ ಸಾಲಿನ ಕೀಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಪರೀಕ್ಷಿಸುತ್ತ ಬಂದರು, ಒಂದೂ ಬಿಡದೆ. ನೀಲಿ ಪರದೆಯಲ್ಲಿ ಪೆನ್‌ಡ್ರೈವಿನ ಹೆಸರು ಕಂಡಾಗ ಅರ್ಧ ಗಂಟೆ ಯಾವಾಗಲೋ ಕಳೆದುಹೋಗಿತ್ತು.

ಮುಂದೆ ಭಾಷೆ. ಕನ್ನಡ ಆರಿಸಿದರು. ಕೀಬೋರ್ಡ್ ಯಾವುದು ಎಂದು ಕೇಳಿತು. ಅದಕ್ಕೂ ಕನ್ನಡ ಎಂದರು. ನ್ಯಾಯವಾಗಿಯೇ ಇದೆ, ಆದರೆ ಆಮೇಲೆ ವೈಫೈ ಪಾಸ್‌ವರ್ಡ್ ಕೇಳಿದಾಗ ಇಂಗ್ಲಿಷ್ ಅಕ್ಷರ ಒತ್ತಿದರೂ ಬೀಳುವುದು ಕನ್ನಡ ಅಕ್ಷರ, ಕಾಣುವುದು ಮಾತ್ರ ಚುಕ್ಕಿ. ಎಷ್ಟು ಸಲ ಹಾಕಿದರೂ ತಪ್ಪು. ನೆಟ್ ಸರಿಯಿಲ್ಲವೇನೋ ಎಂದು ಬ್ಯಾಂಕಿನಲ್ಲಿದ್ದ ಗಂಡನಿಗೆ ಫೋನ್ ಮಾಡಿ ಬೈದೂ ಆಯಿತು. ಕಡೆಗೆ ಪಕ್ಕದಲ್ಲಿದ್ದ ಕಣ್ಣಿನ ಗುರುತು ಒತ್ತಿ ಚುಕ್ಕಿಗಳ ಹಿಂದೇನಿದೆ ಎಂದು ನೋಡಿ, ಜೋರಾಗಿ ನಕ್ಕರು. "ಅಯ್ಯ! ನಮ್ಮ ಪಾಸ್‌ವರ್ಡ್ ಕನ್ನಡದಾಗ ಕುಂತೈತಿ." ತಾವೇ ಹಿಂದಕ್ಕೆ ಹೋಗಿ ಇಂಗ್ಲಿಷ್ ಕೀಬೋರ್ಡ್ ಆರಿಸಿಕೊಂಡು ಬಂದರು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ಮುಂದೆ ಆದದ್ದನ್ನು ದಡ್ಡತನ ಎಂದು ಯಾರೂ ತಳ್ಳಿಹಾಕಬಾರದು. ನಾನು ನೋಡಿದ ಯಾವ ಇಂಜಿನಿಯರನಿಗಿಂತಲೂ ಕ್ರಮಬದ್ಧವಾಗಿ ಈಕೆ ಯೋಚಿಸುತ್ತಿದ್ದರು. ಅವರು ಒಂದೊಂದು ಸಲ ಎಡವಿದಾಗಲೂ ನನ್ನ ವಾದಕ್ಕೆ ಒಂದೊಂದು ಅಂಕ ಸೇರುತ್ತಿತ್ತು. ಒಳಗೊಳಗೇ ಕೊಚ್ಚಿಯ ಮೀಟಿಂಗಿನಲ್ಲಿ ಎದ್ದು ನಿಂತು ಮಾತಾಡುತ್ತಲೂ ಇದ್ದೆ.

ಆಗ ಆ ಪರದೆ ಬಂತು. ಎರಡೇ ಆಯ್ಕೆ: "ಈಗಿರುವುದರ ಜೊತೆಗೆ ಹಾಕಿ", "ಡಿಸ್ಕ್ ಅಳಿಸಿ ಹಾಕಿ". ಎರಡೂ ನನ್ನದೇ ಕನ್ನಡ.

"ಜೊತೀಗೆ ಯಾಕ?" ಅಕ್ಕ ಜೋರಾಗಿ ಯೋಚಿಸಿದರು. "ಹಳೇದು ನಿಧಾನ ಅಂತನಽ ಹೊಸಾದು ಹಾಕ್ಕೋಳ್ಳೂದು. ಹಳೇ ಸೊಸಿ ಹೊಸಾ ಸೊಸಿ ಒಂದಽ ಅಡಗಿಮನಿಯಾಗ ಯಾಕ? ಅಳಿಸೇ ಬಿಡೂಣು." ಎರಡನೆಯದನ್ನು ಆರಿಸಿದರು. "ನನ್ನ ಪಾಠ ಎಲ್ಲಾ ಡಿ ಒಳಗ ಅದಾವು. ಸಿ ಹೋದ್ರ ಹೋಗ್ಲಿ."

ನಮ್ಮಲ್ಲಿ ಕಂಪ್ಯೂಟರ್ ಇಟ್ಟುಕೊಂಡವರೆಲ್ಲ ಕಲಿತ ಪಾಠ ಇದು. ರಿಪೇರಿಗೆ ಹೋದಾಗಲೆಲ್ಲ ಅಂಗಡಿಯವರು ಹೇಳುತ್ತಾರೆ: ಮುಖ್ಯವಾದದ್ದನ್ನು ಡಿ ಡ್ರೈವಿನಲ್ಲಿಡಿ, ನಾವು ಫಾರ್ಮ್ಯಾಟ್ ಮಾಡುವುದು ಸಿ ಮಾತ್ರ. ನಮ್ಮ ಅಪ್ಪನಿಗೂ ಹಾಗೇ ಹೇಳಿದ್ದರು. ವರ್ಷಗಟ್ಟಲೆ ಅದು ನಿಜವೂ ಆಗಿತ್ತು. ಹೀಗಾಗಿ ಸಿ ಮತ್ತು ಡಿ ಎರಡು ಬೇರೆ ಪೆಟ್ಟಿಗೆಗಳು ಎನ್ನುವುದು ನಮಗೆ ಸೂರ್ಯ ಪೂರ್ವದಲ್ಲಿ ಹುಟ್ಟುವಷ್ಟೇ ಖಚಿತ. ಆದರೆ ಈ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಒಂದೇ ಡಿಸ್ಕ್. ಅದನ್ನೇ ಒಳಗೆ ಎರಡು ಭಾಗ ಮಾಡಿ ಎರಡು ಹೆಸರು ಕೊಟ್ಟಿದ್ದರು. ಡಿಸ್ಕ್ ಅಳಿಸಿ ಎಂದರೆ ಎರಡೂ ಹೋಗುತ್ತವೆ. ನಮ್ಮ ಪರದೆ ಸಿ ಎಂದೂ ಹೇಳಲಿಲ್ಲ, ಡಿ ಎಂದೂ ಹೇಳಲಿಲ್ಲ. ಲಿನಕ್ಸಿಗೆ ಆ ಹೆಸರುಗಳೇ ಗೊತ್ತಿಲ್ಲ.

ಆ ಪಾಠಗಳನ್ನೆಲ್ಲ ಅವರು ಈ ಊರಿಗೆ ಬಂದ ಮೇಲೆ ಕಟ್ಟಿದ್ದರು. ಪ್ರತಿ ಅಧ್ಯಾಯಕ್ಕೂ ಚಿತ್ರ, ಲೆಕ್ಕ, ಧ್ವನಿಮುದ್ರಣ. ಸಂಜೆಯ ಕಡೇ ಪಾಠವೂ ಅದರಲ್ಲೇ. ಬೇರೆಲ್ಲೂ ಪ್ರತಿ ಇಲ್ಲ ಎಂದು ಬೆಳಿಗ್ಗೆ ಚಹಾ ಕೊಡುವಾಗ ಅವರೇ ಹೇಳಿದ್ದರು.

ಕೊನೆಯ ಪ್ರಶ್ನೆ ಬಂತು: "ಬದಲಾವಣೆಗಳನ್ನು ಡಿಸ್ಕಿಗೆ ಬರೆಯಲೆ?" ಕೆಳಗೆ ಮೂರು ಸಾಲು ಸಂಕೇತಗಳು, ಮತ್ತು "ಮುಂದುವರಿಸಿ" ಎಂಬ ಗುಂಡಿ. ಬಾಣದ ಗುರುತು ಅದರತ್ತ ಸರಿಯಿತು.

ನಾನು ಸುಮ್ಮನಿದ್ದರೆ ನನ್ನ ವಾದ ಗೆಲ್ಲುತ್ತದೆ, ಅಲ್ಲಾಡಿಸಲಾಗದ ಹಾಗೆ ಗೆಲ್ಲುತ್ತದೆ. ಬಾಯಿ ತೆರೆದರೆ ಈ ಪರೀಕ್ಷೆ ನಡೆದೇ ಇಲ್ಲ.

"ಅಕ್ಕ, ಒತ್ತಬೇಡಿ! ಕೈ ತೆಗೀರಿ. ಡಿ ಕೂಡ ಹೋಗತ್ತೆ!"

ಬಿಸಿ ಹಂಚು ಮುಟ್ಟಿದವರ ಹಾಗೆ ಕೈ ಹಿಂದೆಗೆದುಕೊಂಡರು. ಕುರ್ಚಿ ತಿರುಗಿಸಿ ನನ್ನನ್ನೇ ನೋಡಿದರು. ನಾನು ಒಂದೇ ಉಸಿರಿನಲ್ಲಿ ಡಿಸ್ಕ್, ಭಾಗ, ಹೆಸರು ಎಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಇದು ನಿನಗ ಮದಲಿಂದನೂ ಗೊತ್ತಿತ್ತು?"

"ಗೊತ್ತಿತ್ತು ಅಕ್ಕ. ಆದ್ರೆ ನಾನು ಮಾತಾಡೋ ಹಾಗಿರಲಿಲ್ಲ. ಪರೀಕ್ಷೆಯ ಕ್ರಮ..."

"ಕ್ರಮ! ನಾನೂ ಪರೀಕ್ಷಾ ಹಾಲಿನ್ಯಾಗ ಸೂಪರ್‌ವಿಜನ್ ಮಾಡೀನಿ ತಂಗಿ. ಹುಡುಗಿ ಲೆಕ್ಕ ತಪ್ಪು ಬರದ್ರ ಬಾಯಿ ಮುಚ್ಕೊಂಡು ನಿಂದರ್ತೀನಿ. ಆದ್ರ ಹುಡುಗೀಗೆ ಬವಳಿ ಬಂದು ಬಿದ್ರ, ಕ್ರಮ ಐತಿ ಅಂತ ನೋಡ್ಕೋತ ನಿಂದರ್ತೀನೇನು?"

"ಹೇಳಿದೆನಲ್ಲ ಅಕ್ಕ" ಎಂದೆ, ಸೋತ ತಂಡದ ಕೊನೆಯ ಭಾಷಣಕಾರನ ಧ್ವನಿಯಲ್ಲಿ.

"ಹೇಳ್ದಿ. ನಾ ಬಾಯಿ ಬಿಟ್ಟು ಡಿ ಅಂದಿದ್ದಕ್ಕ ಹೇಳ್ದಿ. ಮನಸಿನ್ಯಾಗ ಅನ್ಕೊಂಡಿದ್ರ?"

ಪೆನ್‌ಡ್ರೈವ್ ಕಿತ್ತು ನನ್ನ ಕೈಗೆ ಕೊಟ್ಟರು. ಆ ದಿನ ಏನನ್ನೂ ಹಾಕಲಿಲ್ಲ. ಹಳೆಯ ವಿಂಡೋಸ್ ತೆರೆದು, ಡಿ ಡ್ರೈವಿನೊಳಗೆ ಹೋಗಿ, ತ್ರಿಕೋನಮಿತಿಯ ಪಾಠ ಇರುವಲ್ಲೇ ಇದೆ ಎಂದು ನೋಡಿಕೊಂಡ ಮೇಲೆಯೇ ಅವರು ಊಟಕ್ಕೆ ಎದ್ದದ್ದು. ನನಗೂ ಬಡಿಸಿದರು.

ಸಂಜೆ ಆರಕ್ಕೆ ಪಾಠ ಶುರುವಾಯಿತು. ನಾನು ಮೂಲೆಯಲ್ಲಿ ಕುಳಿತು ನೋಡಿದೆ. ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತಿತ್ತು. ಎತ್ತರ ಮತ್ತು ದೂರದ ಲೆಕ್ಕದ ನಡುವೆ ಪರದೆಯ ಮೇಲಿನ ಚಿತ್ರ ನಿಂತೇ ಹೋಯಿತು. "ಟೀಚರ್, ಗೋಪುರ ಅರ್ಧಾ ಬಂದೈತಿ!" ಎಂದು ಆ ಕಡೆಯಿಂದ ನಗು. ಅಕ್ಕ ಎದ್ದು ಉಳಿದರ್ಧ ಗೋಪುರವನ್ನು ಗೋಡೆಯ ಹಲಗೆಯ ಮೇಲೆ ಬರೆದರು. ಪಾಠ ಮುಗಿಯಿತು. ಹುಡುಗಿಯರು ಒಬ್ಬೊಬ್ಬರಾಗಿ ಕ್ಯಾಮೆರಾದ ಹತ್ತಿರ ಮುಖ ತಂದು "ಬರ್ತೀವ್ರಿ ಟೀಚರ್" ಎಂದು ಹೋದರು.

ಕೊಚ್ಚಿಗೆ ಮರಳಿ ವರದಿ ಕೊಟ್ಟೆ. ಮುಖ್ಯಸ್ಥರು ಅದನ್ನು ಮೊದಲಿಂದ ಕೊನೆಯವರೆಗೆ ಓದಿ, ಬೇಸರವಿಲ್ಲದೆ ಹೇಳಿದರು: "ನೀನು ಬಾಯಿ ತೆರೆದಿದ್ದೀ. ರದ್ದು."

"ನಾನು ಬಾಯಿ ತೆರೀದೇ ಇದ್ದಿದ್ರೆ ಅವರ ಪಾಠಗಳು ರದ್ದಾಗ್ತಿದ್ವು ಸಾರ್."

"ಅದು ಸರಿ. ನೀನು ಮಾಡಿದ್ದು ತಪ್ಪು ಅಂತ ನಾನು ಹೇಳುದಿಲ್ಲ. ಆದ್ರೆ ಲೆಕ್ಕಕ್ಕೆ ಹಿಡಿಲಿಕ್ಕೆ ಆಗುದಿಲ್ಲ. ಇದು ಹೊಸದೇನಲ್ಲ, ಮೊದಲೂ ಕೆಲವು ಬಿಟ್ಟಿದ್ದೇವೆ. ಅಲ್ಲೂ ಹಿಂದೆ ಕೂತವರು ನಡುವೆ ಬಾಯಿ ಹಾಕಿದ್ರು."

"ಯಾಕೆ ಹಾಕಿದ್ರು?"

"ಎಂತ ಯಾಕೆ? ಹಾಕುವವರು ಎಂತದೋ ತಪ್ಪು ಒತ್ಲಿಕ್ಕೆ ಹೋಗಿರ್ಬೇಕು..."

ನಾನು ಬಿಡಲಿಲ್ಲ. ತಪ್ಪು ಒತ್ತುವವರ ಹಿಂದೆ ಕುಳಿತ ಮನುಷ್ಯರು ಸುಮ್ಮನಿರುವುದಿಲ್ಲ, ಬಾಯಿ ತೆರೆಯುತ್ತಾರೆ. ತೆರೆದರೆ ಪರೀಕ್ಷೆ ರದ್ದು. ಅಂದ ಮೇಲೆ ಲೆಕ್ಕದಲ್ಲಿ ಉಳಿಯುವವರು ಯಾರು? ತಪ್ಪು ಮಾಡದವರು ಮಾತ್ರ. ನಮ್ಮ ಕ್ರಮವೇ ಸೋಲುವವರನ್ನು ಸೋಸಿ ಹೊರಗೆ ಹಾಕುತ್ತಿತ್ತು, ಉಳಿದವರನ್ನು ತೋರಿಸಿ ನಾವು ಸುಲಭ ಎನ್ನುತ್ತಿದ್ದೆವು. ಹೊರಗೂ ಹೀಗೇ ಅಲ್ಲವೆ? ಲಿನಕ್ಸ್ ಹಾಕಿಕೊಳ್ಳುವುದು ಬಹಳ ಸುಲಭ ಎನ್ನುವ ಪ್ರತಿಯೊಬ್ಬರ ಹಿಂದೆಯೂ ಯಾರೋ ಒಬ್ಬ ಗೆಳೆಯ, ಅಣ್ಣ, ಹಾಸ್ಟೆಲ್ ರೂಮಿನವನು ಸರಿಯಾದ ಹೊತ್ತಿಗೆ "ಒತ್ತಬೇಡ" ಎಂದಿರುತ್ತಾನೆ. ಅವನನ್ನು ಯಾರೂ ಎಣಿಸುವುದಿಲ್ಲ.

ಇಷ್ಟನ್ನೂ ಎದ್ದು ನಿಂತೇ ಹೇಳಿದೆ. ನನ್ನ ಭಾಷಣ ಚೆನ್ನಾಗಿಯೇ ಇತ್ತು. ಪರಿಣಾಮ ಸೊನ್ನೆ.

"‘ಡಿಸ್ಕ್ ಅಳಿಸಿ’ ಅಂತ ಶುದ್ಧ ಕನ್ನಡದಲ್ಲಿ ಉಂಟು. ನೀನೇ ಬರ್ದದ್ದು. ಓದ್ಲಿಕ್ಕೆ ಬರುವವರಿಗೆ ಇನ್ನೆಂತ ಹೇಳುದು?"

"ಸರಿ. ನಿಮ್ಮ ಲ್ಯಾಪ್‌ಟಾಪ್ ಕೊಡಿ. ಆಫೀಸಿನದ್ದಲ್ಲ, ಮನೇದು. ನಮ್ಮ ಅಕೌಂಟ್ಸ್ ನೋಡೋ ಚೇಚ್ಚಿ ಮುಂದೆ ಇಡೋಣ, ಮಲಯಾಳದ ಕಾರ್ಡೂ ಕೊಡೋಣ. ನೀವು ಹಿಂದೆ ಕೂತ್ಕೊಳ್ಳಿ. ಅವರಿಗೂ ಓದೋಕೆ ಬರತ್ತಲ್ಲ."

"ಅದು ಆಗುದಿಲ್ಲ ಮಾರಾಯ್ತಿ. ಅದರಲ್ಲಿ ಮಗಳು ಹುಟ್ಟಿದಾಗಿಂದ ತೆಗ್ದ ಫೋಟೋ ಎಲ್ಲ ಉಂಟು."

"ಎಲ್ಲಿವೆ ಸಾರ್? ಡಿ ಒಳಗಾ?"

ಅವರು ಕುರ್ಚಿಯನ್ನು ಪರದೆಯ ಕಡೆ ತಿರುಗಿಸಿಕೊಂಡು ಮೌಸ್ ಆಡಿಸಿದರು. ಆಮೇಲೆ, ನನ್ನ ಕಡೆ ನೋಡದೆಯೇ, "ಆ ಪರದೆಗೆ ಎಂತ ಬರೀಬೇಕು, ಹೇಳು" ಎಂದರು.

ಬರೆಯುವುದರಿಂದ ಮಾತ್ರ ಆಗುವುದಿಲ್ಲ ಎಂದೆ. ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ. ಓದಿದರೂ ಅದು ತಮಗಲ್ಲ ಎಂದುಕೊಳ್ಳುತ್ತಾರೆ. ಆ ಡಿಸ್ಕಿನಲ್ಲಿ ಈಗ ಏನೇನಿದೆ ಎನ್ನುವುದನ್ನು ಹೆಸರು ಹಿಡಿದು ತೋರಿಸಬೇಕು. ಅದು ಆಗದ ಕೆಲಸ ಎಂದು ತಂಡದ ಇಬ್ಬರು, ಆಗುತ್ತದೆ ಆದರೆ ಚೆನ್ನಾಗಿ ಕಾಣುವುದಿಲ್ಲ ಎಂದು ಒಬ್ಬರು ವಾದಿಸಿದರು. ಪಾಸ್‌ವರ್ಡಿನ ಬೀಗ ಹಾಕಿದ ಡಿಸ್ಕುಗಳ ಒಳಗೆ ಇಣುಕಲು ಆಗಲಿಲ್ಲ. ಅಂಥ ಕಡೆ ಮುಂದಕ್ಕೆ ಹೋಗದ ಹಾಗೆ ತಡೆದೆವು. ಉಳಿದ ಕಡೆ ಮಾಡಿ ಮುಗಿಸುವ ಹೊತ್ತಿಗೆ ನಾವು ಮೂರು ಸಲ ಜಗಳವಾಡಿದ್ದೆವು. ಕಾರ್ಡಿನಿಂದ ಅರ್ಧ ಗಂಟೆಯೂ ಸುಲಭವೂ ಹೋದವು. "ಯಾರ ಸಹಾಯವೂ ಇಲ್ಲದೆ" ಎಂಬುದನ್ನು ಬಿಡಲು ಮುಖ್ಯಸ್ಥರು ಕೊನೆಯವರೆಗೂ ಒಪ್ಪಲಿಲ್ಲ. ಆ ಜಗಳ ಇನ್ನೂ ನಡೆಯುತ್ತಿದೆ.

ಹೊಸ ಪೆನ್‌ಡ್ರೈವ್ ಸಿದ್ಧವಾದಾಗ ಅಕ್ಕನಿಗೆ ಫೋನ್ ಮಾಡಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. "ಪರೀಕ್ಷಾ ಮುಗದಾವು, ರಜಾ ಐತಿ, ಬಾ" ಎಂದರು. ಗಂಡನ ಹತ್ತಿರ ಹೇಳಿ ಹೊರಗಿನಿಂದ ಸಿಕ್ಕಿಸುವ ಒಂದು ಹಾರ್ಡ್ ಡಿಸ್ಕ್ ತರಿಸಿ, ಡಿ ಡ್ರೈವನ್ನು ಪೂರ್ತಿ ಅದಕ್ಕೆ ಪ್ರತಿ ಮಾಡಿಟ್ಟುಕೊಂಡಿದ್ದರು.

ಈ ಸಲ ಕಾರ್ಡಿನಲ್ಲಿ ಯಾವ ಲ್ಯಾಪ್‌ಟಾಪಿಗೆ ಯಾವ ಕೀ ಎಂದು ಇತ್ತು. ಬೇಗ ಬೇಗ ಮುಂದೆ ಹೋದರು. ಅದೇ ಆಯ್ಕೆಗಳ ಪರದೆ. ಅಳಿಸುವುದನ್ನೇ ಆರಿಸಿದರು. ಹೊಸ ಪರದೆ ತೆರೆಯಿತು: "ಇವೆಲ್ಲ ಅಳಿಸಿ ಹೋಗುತ್ತವೆ, ಮತ್ತೆ ಸಿಗುವುದಿಲ್ಲ." ಕೆಳಗೆ ಅವರದೇ ಫೋಲ್ಡರುಗಳ ಹೆಸರು, ಅವರು ಇಟ್ಟ ಹಾಗೆಯೇ. ಅಕ್ಕ ಒಂದೊಂದನ್ನೇ ಓದಿದರು. "ಹತ್ತನೇ ಕ್ಲಾಸ್ ಗಣಿತ. ತ್ರಿಕೋನಮಿತಿ. ಹುಡುಗ್ಯಾರ ಉತ್ತರ..."

ಕೈ ಮೌಸಿನಿಂದ ತೆಗೆದರು.

"ಅಕ್ಕ, ಪ್ರತಿ ಆಗಿದೆಯಲ್ಲ. ನಾನೂ ನೋಡಿದೀನಿ. ಒತ್ತಿ, ಏನೂ ಆಗಲ್ಲ." ಕ್ರಮವನ್ನು ಆ ದಿನ ನಾನು ಕೊಚ್ಚಿಯಲ್ಲೇ ಬಿಟ್ಟು ಬಂದಿದ್ದೆ.

"ನೀ ನೋಡೀದಿ. ನಾ ನೋಡ್ಬೇಕಲ್ಲ?"

ಹಾರ್ಡ್ ಡಿಸ್ಕನ್ನು ಗಂಡನ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಪ್ರತಿ ಅಧ್ಯಾಯವನ್ನೂ ತೆರೆದರು. ಚಿತ್ರ ಬಂತೇ, ಧ್ವನಿ ಬಂತೇ, ಕೊನೆಯವರೆಗೂ ಓಡಿತೇ. ಅವರದೇ ಧ್ವನಿ ಕೋಣೆಯಲ್ಲಿ ಲೆಕ್ಕದ ಮೇಲೆ ಲೆಕ್ಕ ಬಿಡಿಸುತ್ತ ಹೋಯಿತು. ನಾನು ಎರಡು ಸಲ ಗಡಿಯಾರ ನೋಡಿದೆ. ಅವರು ಒಮ್ಮೆಯೂ ನೋಡಲಿಲ್ಲ. ಎಲ್ಲ ಮುಗಿದ ಮೇಲೆ ಡಿಸ್ಕನ್ನು ಬಿಡಿಸಿಕೊಂಡು ಬಂದು ಕುಳಿತರು. ಎಡಗೈಯಲ್ಲಿ ಅದನ್ನು ಎದೆಗೆ ಒತ್ತಿ ಹಿಡಿದುಕೊಂಡೇ, ಬಲಗೈಯಿಂದ "ಮುಂದುವರಿಸಿ" ಒತ್ತಿದರು.